ಇರುವೆ ಬಂದು ಕ್ಯಾಮೆರಾಗೆ ಗುದ್ದಿತು, ಆಮೇಲೆ?

ಎಡಿಟಿಂಗ್ ಟೇಬಲ್ ಮುಂದೆ ಕೂತು ಇಪ್ಪತ್ತು ವರ್ಷ ಆಯಿತು, ಜಾಸ್ತಿ ಮಾಡಿದ್ದು ದಿನದ ಧಾರಾವಾಹಿಗಳೇ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ವಾರ ನಾನು ತೋರಿಸುವುದು ಯಾವ ದೊಡ್ಡ ಸಿನಿಮಾವನ್ನೂ ಅಲ್ಲ. ಡಾಕ್ಟರ್ ಅನ್ನುವ ನಾಯಕ ಕಾಲಯಾನ ಮಾಡುವ ಬಿಬಿಸಿಯ ಹಳೆಯ ಧಾರಾವಾಹಿ 'ಡಾಕ್ಟರ್ ಹೂ', ಅದರಲ್ಲೂ 1965ರ 'ದಿ ವೆಬ್ ಪ್ಲಾನೆಟ್'. ಅದರಲ್ಲಿ ಜಾರ್ಬಿ ಅಂತ ಆಳೆತ್ತರದ ಇರುವೆಗಳಿವೆ. ಒಳಗೆ ಮನುಷ್ಯರು, ಮೇಲೆ ಇರುವೆಯ ಚಿಪ್ಪು, ಕೆಳಗೆ ಎರಡು ಮನುಷ್ಯ ಕಾಲು. ಒಂದು ದೃಶ್ಯದಲ್ಲಿ ಹಾಗೊಂದು ಜಾರ್ಬಿ ಓಡಿ ಬಂದು ನೇರವಾಗಿ ಕ್ಯಾಮೆರಾಗೆ ಗುದ್ದುತ್ತದೆ. ಧಡ್ ಅಂತ ಸದ್ದು, ಚಿತ್ರ ಅಲುಗಾಡುತ್ತದೆ. ದೃಶ್ಯ ಮಾತ್ರ ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಂದುವರಿಯುತ್ತದೆ.

ಎಲ್ಲರೂ ನಗುತ್ತಾರೆ. ನಗಲಿ. ಆಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ: ಇದನ್ನು ಯಾರೂ ನೋಡಲಿಲ್ಲ ಅಂದ್ಕೊಂಡ್ರಾ?

ನೋಡಿದ್ದರು. ಕಂಟ್ರೋಲ್ ರೂಮಿನಲ್ಲಿ ಕೂತ ಅಷ್ಟೂ ಜನ ನೋಡಿದ್ದರು. ನೋಡಿಯೂ ಬಿಟ್ಟರು. ಯಾಕೆ ಬಿಟ್ಟರು ಅನ್ನುವುದೇ ನಮ್ಮ ಕಸುಬಿನ ಪಾಠ.

ಆ ಕಾಲದ ಪದ್ಧತಿ ಹೀಗಿತ್ತು. ವಾರವಿಡೀ ಎಲ್ಲೋ ಒಂದು ಹಾಲ್‌ನಲ್ಲಿ ರಿಹರ್ಸಲ್, ನೆಲದ ಮೇಲೆ ಟೇಪ್ ಅಂಟಿಸಿ ಇಲ್ಲಿ ಬಾಗಿಲು, ಇಲ್ಲಿ ಗೋಡೆ ಅಂತ ಗುರುತು. ರೆಕಾರ್ಡಿಂಗ್ ದಿನ ಸ್ಟುಡಿಯೋಗೆ ಹೋಗಿ, ಹಗಲೆಲ್ಲ ಕ್ಯಾಮೆರಾ ಜೊತೆ ಅಭ್ಯಾಸ ಮಾಡಿ, ಸಂಜೆ ಒಂದೂಕಾಲು ಗಂಟೆಯೊಳಗೆ 25 ನಿಮಿಷದ ಕಂತನ್ನು ಹೆಚ್ಚುಕಮ್ಮಿ ನಾಟಕದ ಹಾಗೆ ಮೊದಲಿಂದ ಕೊನೆಯವರೆಗೆ ಆಡಿ ಮುಗಿಸಬೇಕು. ರಾತ್ರಿ ಹತ್ತಾದರೆ ಮುಗಿಯಿತು. ಸೆಟ್ ಬಿಚ್ಚಬೇಕು, ಮರುದಿನ ಅದೇ ಜಾಗ ಬೇರೆ ಕಾರ್ಯಕ್ರಮಕ್ಕೆ ಬೇಕು.

ಕತ್ತರಿಸಿ ಜೋಡಿಸಬಹುದಿತ್ತಲ್ಲ ಅನ್ನುತ್ತೀರಿ. ಎರಡಿಂಚು ಅಗಲದ ವಿಡಿಯೋ ಟೇಪ್ ಅದು. ಕತ್ತರಿಸುವುದು ಅಂದರೆ ನಿಜವಾಗಿಯೂ ಬ್ಲೇಡಿನಿಂದ ಕತ್ತರಿಸುವುದು. ಕಬ್ಬಿಣದ ಸಣ್ಣ ಪುಡಿ ಬೆರೆಸಿದ ದ್ರವವನ್ನು ಟೇಪಿಗೆ ಹಚ್ಚಿ, ಅಚ್ಚಾಗಿರುವ ಗೆರೆಗಳು ಕಾಣುವ ಹಾಗೆ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಸರಿಯಾದ ಗೆರೆಯಲ್ಲೇ ಕುಯ್ದು ಅಂಟಿಸಬೇಕು. ಕೂದಲೆಳೆ ತಪ್ಪಿದರೂ ಚಿತ್ರ ಉರುಳಿಬೀಳುತ್ತದೆ. ಸಾಲದ್ದಕ್ಕೆ ಟೇಪ್ ಭಾರೀ ದುಬಾರಿ, ಅಳಿಸಿ ಮತ್ತೆ ಬಳಸುವ ಮಾಲು. ಕತ್ತರಿಸಿದರೆ ಅದರ ಬೆಲೆ ಇಳಿಯಿತು. ಹಾಗಾಗಿ ಒಂದು ಕಂತಿಗೆ ಬೆರಳೆಣಿಕೆಯಷ್ಟು ಕಟ್. ಇರುವೆ ಗುದ್ದಿತು ಅಂತ ಒಂದು ಕಟ್ ಖರ್ಚು ಮಾಡಿದರೆ, ಮುಂದೆ ನಟ ಒಂದು ಸೆಟ್‌ನಿಂದ ಇನ್ನೊಂದಕ್ಕೆ ಓಡಿ ಬಟ್ಟೆ ಬದಲಿಸಬೇಕಾದಾಗ ಕೈ ಖಾಲಿ.

ಮೊದಲ ಡಾಕ್ಟರ್ ಪಾತ್ರ ಮಾಡಿದ ವಿಲಿಯಂ ಹಾರ್ಟ್‌ನೆಲ್ ಮಾತು ತಪ್ಪುವುದಕ್ಕೆ ಹೆಸರುವಾಸಿ. ಒಂದು ಕಡೆ 'ಸ್ಪೇಸ್' ಅನ್ನಲು ಹೋಗಿ 'ಸ್ಪೇನ್' ಅಂದುಬಿಟ್ಟು, ಅದೇ ಉಸಿರಲ್ಲಿ ತಿದ್ದಿಕೊಂಡು ಹೋಗುತ್ತಾರೆ. ಜೊತೆಗಾರ ಚೆಸ್ಟರ್ಟನ್‌ನ ಹೆಸರನ್ನಂತೂ ಬೇಕಾದ ಹಾಗೆ ತಿರುಚುತ್ತಾರೆ. ಸುಮ್ನೆ ನಗಾಡಬೇಡಿ. ವಾರಕ್ಕೊಂದು ಕಂತು, ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು, ಮಧ್ಯದಲ್ಲಿ ನಿಲ್ಲಿಸುವ ಹಾಗಿಲ್ಲ. ತಪ್ಪಿದ ಮೇಲೂ ಪಾತ್ರ ಬಿಡದೆ ದಡ ಸೇರುವುದು ರಂಗಭೂಮಿಯ ವಿದ್ಯೆ.

ಹಾಗಂತ ಅಲ್ಲಿ ಯಾವುದನ್ನೂ ಮತ್ತೆ ಮಾಡಲೇ ಇಲ್ಲ ಅಂತಲ್ಲ. ಮೊಟ್ಟಮೊದಲ ಕಂತನ್ನು 1963ರ ಸೆಪ್ಟೆಂಬರ್‌ನಲ್ಲಿ ಲೈಮ್ ಗ್ರೋವ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ನಿರ್ದೇಶಕ ವಾರಿಸ್ ಹುಸೇನ್, ಲಖನೌದಲ್ಲಿ ಹುಟ್ಟಿದವರು, ಆಗ ವಯಸ್ಸು 24. ಕಾಲಯಾನದ ಯಂತ್ರದ ಬಾಗಿಲು ಮುಚ್ಚಲೇ ಇಲ್ಲ, ದೃಶ್ಯದುದ್ದಕ್ಕೂ ಬಡಿದುಕೊಳ್ಳುತ್ತಾ ನಿಂತಿತು. ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ನೋಡಿದರು, ಪೂರ್ತಿ ಮತ್ತೆ ಮಾಡಿ ಅಂದರು. ಅಕ್ಟೋಬರ್‌ನಲ್ಲಿ ಮಾಡಿದ್ದೇ ನವೆಂಬರ್ 23ಕ್ಕೆ ಪ್ರಸಾರವಾಯಿತು. ಬಾಗಿಲಿಗೆ ರೀಟೇಕ್ ಸಿಕ್ಕಿತು, ಇರುವೆಗೆ ಸಿಗಲಿಲ್ಲ. ಇದು ಸರಿಯಾದ ಲೆಕ್ಕವೇ. ಮೊದಲ ದಿನ ಪ್ರೇಕ್ಷಕ ಆ ಯಂತ್ರವನ್ನು ನಂಬದಿದ್ದರೆ ಮುಂದಿನ ಯಾವುದೂ ನಡೆಯುವುದಿಲ್ಲ ಅಲ್ವಾ? ಇರುವೆ ಗುದ್ದುವ ಹೊತ್ತಿಗೆ ಪ್ರೇಕ್ಷಕ ಮನೆಯವನಾಗಿದ್ದ. ಅಂದಹಾಗೆ 'ದಿ ವೆಬ್ ಪ್ಲಾನೆಟ್' ಮೊದಲ ಕಂತನ್ನು ನೋಡಿದವರು 1.35 ಕೋಟಿ ಜನ. ಹಾರ್ಟ್‌ನೆಲ್ ಕಾಲದ ಕಂತುಗಳಲ್ಲೇ ಅತಿ ಹೆಚ್ಚು.

ಇನ್ನೊಂದು ಮಾತು. ಆಗಿನ ಟಿವಿ ಚಿತ್ರ ಮೂಡುತ್ತಿದ್ದದ್ದು ಬರೀ 405 ಅಡ್ಡಗೆರೆಗಳಲ್ಲಿ. ಸಣ್ಣ ಪರದೆ, ಕಪ್ಪುಬಿಳುಪು, ಮೇಲಿಂದ ಆಂಟೆನಾದ ಮಳೆ. 'ದಿ ಡಾಲೆಕ್ಸ್' ಕಥೆಗೆ ಮಾಡಿಸಿದ್ದು ನಾಲ್ಕೇ ಡಾಲೆಕ್ (ಲೋಹದ ಚಿಪ್ಪಿನೊಳಗಿನ ಶತ್ರು ಜೀವಿಗಳು), ಹಿಂದೆ ಗುಂಪು ಬೇಕಾದಾಗ ಆಳೆತ್ತರದ ಫೋಟೋ ಕಟೌಟ್ ನಿಲ್ಲಿಸಿದರು. ಆ ಪರದೆಯಲ್ಲಿ ಅದು ನಡೆಯಿತು. ಇವತ್ತು ಗೆರೆ ಗೀಚು ತೆಗೆದು ಶುಚಿ ಮಾಡಿದ ಪ್ರತಿಯನ್ನು 55 ಇಂಚಿನ ಟಿವಿಯಲ್ಲಿ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದರೆ ರಟ್ಟು ರಟ್ಟಾಗಿಯೇ ಕಾಣುತ್ತದೆ.

ಬಣ್ಣ ಬಂದ ಮೇಲೆ ಬೇರೆ ತರದ ತಪ್ಪು ಶುರು. ಈಗ ನಾವು ಗ್ರೀನ್ ಮ್ಯಾಟ್ ಅನ್ನುವುದನ್ನು ಬಿಬಿಸಿಯವರು ಸಿಎಸ್ಓ ಅನ್ನುತ್ತಿದ್ದರು. ಒಂದು ಬಣ್ಣ ಕಂಡಲ್ಲೆಲ್ಲ ಬೇರೆ ಚಿತ್ರ ತೂರಿಸುವ ಉಪಾಯ. 'ರೋಬಾಟ್' ಕಥೆಗೆ ಫಳಫಳ ಹೊಳೆಯುವ ಲೋಹದ ಬಣ್ಣದ ರೋಬಾಟ್ ಮಾಡಿದರು. ಹಿಂದಿನ ಪರದೆಯ ಬಣ್ಣ ಅದರ ಮೈಮೇಲೆ ಪ್ರತಿಫಲಿಸಿ, ಅಲ್ಲಲ್ಲಿ ರೋಬಾಟೇ ಮಾಯ! ನನಗೂ ಹೀಗೇ ಆಗಿದೆ. ಒಂದು ಧಾರಾವಾಹಿಯ ದೇವಸ್ಥಾನದ ದೃಶ್ಯ, ನಾಯಕಿಯ ಕೈಯಲ್ಲಿ ಸ್ಟೀಲ್ ಬಿಂದಿಗೆ, ಹಿಂದೆ ಹಸಿರು ಬಟ್ಟೆ. ಎಡಿಟ್‌ಗೆ ಬಂದಾಗ ಬಿಂದಿಗೆಯ ಹೊಟ್ಟೆಯೊಳಗೆ ಗೋಪುರ ಕಾಣುತ್ತಿತ್ತು. ಸಂಜೆ ಏಳಕ್ಕೆ ಪ್ರಸಾರ, ಫ್ರೇಮ್ ಫ್ರೇಮ್ ತಿದ್ದಲು ಸಮಯ ಇಲ್ಲ. ಅವಳ ಮುಖದ ಕ್ಲೋಸಪ್ ಹಾಕಿ ಪಾರಾದೆ. ಮರುದಿನ ಬಂದ ದೂರು ಬಳೆಯ ಬಣ್ಣ ಬದಲಾಗಿದೆ ಅಂತ.

ಎಲ್ಲ ತಪ್ಪಿಗೂ ನಾನು ವಕೀಲಿಕೆ ಮಾಡುವುದಿಲ್ಲ. 1984ರ 'ವಾರಿಯರ್ಸ್ ಆಫ್ ದಿ ಡೀಪ್'ನಲ್ಲಿ ಮಿರ್ಕಾ ಅಂತ ಒಂದು ಸಮುದ್ರ ರಾಕ್ಷಸ ಬರುತ್ತದೆ. ಒಳಗೆ ಇಬ್ಬರು, ಮುಂದಿನ ಕಾಲು ಒಬ್ಬನದು, ಹಿಂದಿನದು ಇನ್ನೊಬ್ಬನದು. ಬ್ರಿಟನ್ನಿನಲ್ಲಿ 1983ರ ಚುನಾವಣೆ ದಿಢೀರ್ ಘೋಷಣೆಯಾಗಿ, ಸ್ಟುಡಿಯೋ ಅದರ ಪ್ರಸಾರಕ್ಕೆ ಬೇಕಾಗಿ, ರೆಕಾರ್ಡಿಂಗ್ ಅಂದುಕೊಂಡದ್ದಕ್ಕಿಂತ ಬೇಗ ಬಂತು, ಮಿರ್ಕಾ ಮೈಯ ಹಸಿರು ಬಣ್ಣ ಇನ್ನೂ ಒಣಗಿರಲೇ ಇಲ್ಲ. ಅದನ್ನು ಕ್ಷಮಿಸುತ್ತೇನೆ. ಬೆಳಕನ್ನು ಕ್ಷಮಿಸಲಾರೆ. ಸಮುದ್ರದಾಳದ ನೆಲೆ ಅಂತೀರಿ, ಕಲ್ಯಾಣ ಮಂಟಪದ ಹಾಗೆ ಲೈಟ್ ಹಾಕಿದ್ದೀರಿ. ಮೂರ್ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುವಾಗ ಎಲ್ಲ ಕಡೆಯೂ ಬೆಳಕು ಚೆಲ್ಲಿಬಿಡುವುದು ಸುಲಭ, ನೆರಳು ಕಟ್ಟಲು ಹೊತ್ತು ಬೇಕು, ಗೊತ್ತು. ಆದರೂ ಕೆಟ್ಟ ವೇಷಕ್ಕೆ ಕತ್ತಲೆಗಿಂತ ಒಳ್ಳೆಯ ಮೇಕಪ್ ಇಲ್ಲ. ಇದೇ ಧಾರಾವಾಹಿಯ 1977ರ 'ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್' ನೋಡಿ. ವಿಕ್ಟೋರಿಯಾ ಕಾಲದ ಲಂಡನ್ ಬೀದಿ, ಯಾರದೋ ಕಾರು ತೆಗೆಯಲು ಆಗಲಿಲ್ಲ, ಮೇಲೆ ಹುಲ್ಲು ಸುರಿದು ಮುಚ್ಚಿದರು. ರಾತ್ರಿಯ ದೃಶ್ಯ, ನೋಡಿದವರಿಗೆ ಅದು ಹುಲ್ಲಿನ ರಾಶಿಯೇ. ಅದೇ ಕಥೆಯ ದೈತ್ಯ ಇಲಿಯ ವಿಷಯ ಮಾತ್ರ ಕೇಳಬೇಡಿ.

ಈಗ ತಿದ್ದುವ ಕಾಲ. 1972ರ 'ಡೇ ಆಫ್ ದಿ ಡಾಲೆಕ್ಸ್'ನಲ್ಲಿ ದೊಡ್ಡ ದಾಳಿಗೆ ಬಂದದ್ದು ಮೂರೇ ಮೂರು ಡಾಲೆಕ್. 2011ರ ಡಿವಿಡಿಯಲ್ಲಿ ಹೊಸ ಶಾಟ್, ಹೊಸ ಧ್ವನಿ ಸೇರಿಸಿ ಸೈನ್ಯ ಬೆಳೆಸಿದರು. ಹಳೆಯದನ್ನೂ ಜೊತೆಗೆ ಕೊಟ್ಟರು ಅನ್ನುವುದು ಸಮಾಧಾನ.

ಕಳೆದ ಬ್ಯಾಚಿನ ಒಬ್ಬ ಹುಡುಗ ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತೆಗೆದು, ಆ ಜಾರ್ಬಿ ಶಾಟ್‌ನ ಅಲುಗಾಟವನ್ನು ಪೂರ್ತಿ ತೆಗೆದು ತೋರಿಸಿದ. ನಿಜಕ್ಕೂ ನೀಟಾಗಿತ್ತು, ಚಿತ್ರ ಕಲ್ಲಿನ ಹಾಗೆ ನಿಂತಿತ್ತು. ಧಡ್ ಅನ್ನುವ ಸದ್ದನ್ನು ಮಾತ್ರ ತೆಗೆಯಲು ಮರೆತಿದ್ದ.