ರಾತೆ ರಸ್ತೆ, 1939–40: ಒಂದು ಡಿವಿಷನ್ ತುಂಡುತುಂಡಾದದ್ದು ಹೇಗೆ

ಸೋವಿಯತ್–ಫಿನ್ಲೆಂಡ್ ಚಳಿಗಾಲದ ಯುದ್ಧದ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಹೆಚ್ಚಿನವರು “ಫಿನ್ನರು ಧೈರ್ಯಶಾಲಿಗಳು, ಚಳಿಯೂ ಅವರಿಗೆ ನೆರವಾಯಿತು” ಎಂದು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಚಳಿ ಇಬ್ಬರಿಗೂ ಒಂದೇ ಇತ್ತು. ಧೈರ್ಯಕ್ಕೆ ರಷ್ಯನ್ ಸೈನಿಕರಲ್ಲೂ ಕೊರತೆಯಿರಲಿಲ್ಲ. ಪೂರ್ವ ಫಿನ್ಲೆಂಡಿನ ಸುವೊಮುಸ್ಸಲ್ಮಿ ಹಳ್ಳಿ ಮತ್ತು ಗಡಿಯಿಂದ ಅಲ್ಲಿಗೆ ಬರುವ ರಾತೆ ರಸ್ತೆಯ ಕಾಳಗಗಳಲ್ಲಿ ನೋಡಬೇಕಾದ್ದು ಬೇರೆ: ದೊಡ್ಡ ಸೈನ್ಯ ತನ್ನ ಸಂಖ್ಯೆಯನ್ನು ಬಳಸಲಾಗದಂಥ ಜಾಗ ಯಾವುದು, ಚಿಕ್ಕ ಸೈನ್ಯ ಆ ಜಾಗವನ್ನು ಹೇಗೆ ಆರಿಸಿಕೊಂಡಿತು ಎಂಬುದು.

ಮೊದಲು ನಕ್ಷೆ ಬಿಡಿಸಿಕೊಳ್ಳಿ. ಫಿನ್ಲೆಂಡಿನ ನಡು ಅತಿ ಕಿರಿದು. ಪೂರ್ವದ ಗಡಿಯಿಂದ ಪಶ್ಚಿಮದ ಓಲು ಬಂದರಿನವರೆಗೆ ನುಗ್ಗಿದರೆ ದೇಶ ಎರಡು ಹೋಳಾಗುತ್ತದೆ. ಸೋವಿಯತ್ 9ನೇ ಆರ್ಮಿಗೆ ಕೊಟ್ಟ ಗುರಿ ಇದೇ. 1939ರ ನವೆಂಬರ್ 30ರಂದು ಗಡಿ ದಾಟಿದ ಅದರ 163ನೇ ಡಿವಿಷನ್ (ಸಾವಿರಾರು ಸೈನಿಕರ ಪಡೆ) ಎರಡು ದಾರಿಯಲ್ಲಿ ಬಂತು. ಮುಖ್ಯ ಪಡೆ ಉತ್ತರದ ಯುಂತುಸ್ರಂತ ಕಡೆಯಿಂದ, ಒಂದು ಭಾಗ ಪೂರ್ವದ ರಾತೆ ರಸ್ತೆಯಿಂದ. ಉತ್ತರದ ದಾರಿಯಲ್ಲಿ ಇಷ್ಟು ದೊಡ್ಡ ಪಡೆ ಬರಬಹುದೆಂದು ಫಿನ್ನರು ಎಣಿಸಿರಲಿಲ್ಲ, ಹಾಗಾಗಿ ಅಲ್ಲಿ ರಕ್ಷಣೆ ಬಹುತೇಕ ಇರಲೇ ಇಲ್ಲ. ಡಿಸೆಂಬರ್ 7ಕ್ಕೆ ಸುವೊಮುಸ್ಸಲ್ಮಿ ಹಳ್ಳಿ ಸೋವಿಯತ್ ಕೈಸೇರಿತು. ಹಿಂದೆ ಸರಿಯುವ ಮೊದಲು ಫಿನ್ನರು ಮನೆಗಳಿಗೆ ಬೆಂಕಿ ಇಟ್ಟಿದ್ದರು, ಶತ್ರುವಿಗೆ ಬೆಚ್ಚಗೆ ಮಲಗಲು ಸೂರು ಸಿಗಬಾರದೆಂದು. ಚಳಿ ಆಯುಧವಾದದ್ದು ಹೀಗೆ, ತಾನಾಗಿ ಅಲ್ಲ.

ಅದರ ಬೆನ್ನಿಗೇ ಫಿನ್ನಿಷ್ ಕಮಾಂಡರ್ ಹ್ಯಾಲ್ಮರ್ ಸೀಲಾಸ್ವುವೊ 27ನೇ ಪದಾತಿ ರೆಜಿಮೆಂಟಿನೊಂದಿಗೆ ಬಂದಿಳಿದರು. ಡಿಸೆಂಬರ್ ಮಧ್ಯದವರೆಗೆ ಅವರ ಬಳಿ ಫಿರಂಗಿಯಿರಲಿಲ್ಲ, ಟ್ಯಾಂಕ್ ವಿರೋಧಿ ತೋಪೂ ಇರಲಿಲ್ಲ. ಹಳ್ಳಿಯ ಮೇಲೆ ನೇರವಾಗಿ ಬಿದ್ದಿದ್ದರೆ ರೆಜಿಮೆಂಟ್ ಅಲ್ಲಿಗೇ ಮುಗಿಯುತ್ತಿತ್ತು. ಅವರು ಡಿಸೆಂಬರ್ 11ರಂದು ದಕ್ಷಿಣದ ಕಾಡಿನಿಂದ ಬಂದು, ಹಳ್ಳಿಯ ಪೂರ್ವಕ್ಕೆ ರಾತೆ ರಸ್ತೆಯನ್ನೇ ಕತ್ತರಿಸಿದರು. 163ನೇ ಡಿವಿಷನ್ನಿನ ಹತ್ತಿರದ ಸರಬರಾಜು ದಾರಿ ಮುಚ್ಚಿತು.

ರಸ್ತೆ ತೆರೆಸಲು ಇನ್ನೊಂದು ಸೋವಿಯತ್ ಡಿವಿಷನ್, 44ನೆಯದು, ಗಡಿಯಿಂದ ಹೊರಟಿತು. ಇದು ಉಕ್ರೇನಿನಲ್ಲಿದ್ದ ಡಿವಿಷನ್. ಉತ್ತರದ ಕಾಡು, ಸ್ಕೀ ಎರಡೂ ಇದಕ್ಕೆ ಅಪರಿಚಿತ.

ಸಣ್ಣ ತಡೆ, ದೊಡ್ಡ ಪರಿಣಾಮ

ಇಡೀ ಕಾಳಗದ ಕೀಲಿ ಕುಯಿವಸ್ಯಾರ್ವಿ ಮತ್ತು ಕುವೊಮಸ್ಯಾರ್ವಿ ಎಂಬ ಎರಡು ಕೆರೆಗಳ ನಡುವಿನ ಇಕ್ಕಟ್ಟಿನ ನೆಲ. ಅಲ್ಲಿ ಕ್ಯಾಪ್ಟನ್ ಮ್ಯಾಕಿನೆನ್ ಎರಡು ಕಂಪನಿಗಳೊಂದಿಗೆ, ಅಂದರೆ ಸುಮಾರು 350 ಜನರೊಂದಿಗೆ, ಅಡ್ಡನಿಂತರು. ಎದುರಿಗಿದ್ದದ್ದು ಟ್ಯಾಂಕು ಫಿರಂಗಿಗಳಿದ್ದ ಇಡೀ ಡಿವಿಷನ್. ಎರಡು ಡಿವಿಷನ್‌ಗಳ ನಡುವೆ ಉಳಿದಿದ್ದ ದೂರ ಸುಮಾರು 10 ಕಿಲೋಮೀಟರ್. ಅವು ಕೂಡಿದ್ದರೆ ಓಲು ದಾರಿ ತೆರೆದುಕೊಳ್ಳುತ್ತಿತ್ತು. ಅವು ಕೂಡಲಿಲ್ಲ.

350 ಜನ ತಡೆದದ್ದು ಹೇಗೆ? ರಸ್ತೆಯ ಎಡಬಲಕ್ಕೆ ಹೆಪ್ಪುಗಟ್ಟಿದ ಕೆರೆ, ಮರೆಯೇ ಇಲ್ಲದ ಬಯಲು. ಅದನ್ನು ದಾಟುವವರು ಮಷೀನ್‌ಗನ್ನಿಗೆ ನೇರ ಗುರಿ. ಸುತ್ತುಬಳಸಿ ಕಾಡಿನೊಳಗೆ ಹೋಗಲು ಸ್ಕೀ ಬೇಕು, ಅದು ರೂಢಿಯಿಲ್ಲ. ಉಳಿದದ್ದು ರಸ್ತೆಯೊಂದೇ, ಅದರ ಅಗಲದಲ್ಲಿ ಒಮ್ಮೆಗೆ ಒಂದು ಟ್ಯಾಂಕ್. ಇದರ ಮೇಲೆ ಡಿಸೆಂಬರ್ 23ರ ಸುಮಾರಿಗೆ ಫಿನ್ನರ ಸಣ್ಣ ಗುಂಪುಗಳು ಕಾಡಿನಿಂದ ಬಂದು ಸಾಲಿನ ತಲೆಗೆ ಹೊಡೆದು ಮರೆಯಾದವು. ಎದುರಿಗೆ ದೊಡ್ಡ ಪಡೆಯೇ ಇದೆ ಎಂದುಕೊಂಡ 44ನೇ ಡಿವಿಷನ್ ನಿಂತಲ್ಲೇ ನಿಂತಿತು. ನನ್ನ ಮಟ್ಟಿಗೆ ಇಡೀ ಕಾಳಗದ ನಿರ್ಣಾಯಕ ಕ್ಷಣ ಇದೇ: ಬೇಹು ಇಲ್ಲದ ದೊಡ್ಡ ಸೈನ್ಯಕ್ಕೆ ಎದುರಾಳಿಯ ಸಂಖ್ಯೆ ತಿಳಿಯುವುದಿಲ್ಲ, ತಿಳಿಯದಿದ್ದಾಗ ಅದು ಹೆಚ್ಚೇ ಎಣಿಸುತ್ತದೆ.

ಆ ಬಿಡುವಿನಲ್ಲಿ ಸೀಲಾಸ್ವುವೊ ತನ್ನ ಹೆಚ್ಚಿನ ಬಲವನ್ನು 163ರ ಕಡೆ ತಿರುಗಿಸಿದರು. ಡಿಸೆಂಬರ್ 27ರ ದಾಳಿಯ ನಂತರ ಅದು ಒಡೆಯಿತು, ಉಳಿದವರು ಕಿಯಂತಯಾರ್ವಿ ಕೆರೆಯ ಹಿಮದ ಮೇಲೆ ಈಶಾನ್ಯಕ್ಕೆ ಓಡಿದರು. ಡಿಸೆಂಬರ್ 30ಕ್ಕೆ ಹಳ್ಳಿ ಮತ್ತೆ ಫಿನ್ನರದಾಯಿತು. ಒಂದರ ನಂತರ ಒಂದು ಎಂಬ ಈ ಸರದಿಯನ್ನು ಅಡಿಗೆರೆ ಎಳೆದು ನೆನಪಿಡಿ. ಇಬ್ಬರನ್ನೂ ಒಟ್ಟಿಗೆ ಹೊಡೆಯುವ ಶಕ್ತಿ ಅವರಿಗೆ ಇರಲಿಲ್ಲ.

ರಸ್ತೆಯ ಗಣಿತ

44ನೇ ಡಿವಿಷನ್ ಗಡಿಯಿಂದ ತಡೆಯವರೆಗೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿತ್ತು. ಲೆಕ್ಕಕ್ಕೆಂದು 15,000 ಜನ ಎಂದಿಟ್ಟುಕೊಳ್ಳಿ: ಕಿಲೋಮೀಟರಿಗೆ 500 ಜನ, ಅರ್ಧ ಕಿಲೋಮೀಟರಿಗೆ 250. ಅಂಥ ಒಂದೇ ಅರ್ಧ ಕಿಲೋಮೀಟರಿನ ಮೇಲೆ 1,000 ಜನ ಬಿದ್ದರೆ ಆ ಜಾಗದಲ್ಲಿ, ಆ ಹೊತ್ತಿಗೆ, ಫಿನ್ನರೇ ನಾಲ್ಕು ಪಟ್ಟು. ಒಟ್ಟು ಸಂಖ್ಯೆಯಲ್ಲಿ ಕಡಿಮೆಯಿದ್ದವರು ಹೊಡೆಯುವ ಜಾಗದಲ್ಲಿ ಹೆಚ್ಚಾಗುವುದೆಂದರೆ ಇದು. ಉಳಿದ 14,750 ಜನ ಸಹಾಯಕ್ಕೆ ಬರಬೇಕಾದರೂ ಅದೇ ರಸ್ತೆಯಲ್ಲೇ ಬರಬೇಕು, ಅಲ್ಲಿ ಆಗಲೇ ಲಾರಿ, ಕುದುರೆ ಗಾಡಿ, ಟ್ಯಾಂಕುಗಳು ಒಂದರ ಹಿಂದೊಂದು ಸಿಕ್ಕಿಕೊಂಡಿವೆ.

ಆದರೆ ಕಾಡಿನೊಳಗಿಂದ 1,000 ಜನರನ್ನು ರಸ್ತೆಯ ಪಕ್ಕಕ್ಕೆ ತರುವುದೇ ಕಷ್ಟದ ಕೆಲಸ. ಹೊಡೆದಾಟದ ವಿವರ ಓದುವವರು ಈ ಭಾಗವನ್ನು ದಾಟಿಸಿಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಫಿನ್ನರು ರಾತೆ ರಸ್ತೆಗೆ ಸಮಾನಾಂತರವಾಗಿ ದಕ್ಷಿಣದಲ್ಲಿ ತಮ್ಮದೇ ಚಳಿಗಾಲದ ದಾರಿ ಮಾಡಿಕೊಂಡರು. ಮೊದಲು ಸ್ಕೀ ಮೇಲಿನ ಬೇಹುಗಾರರು ಜಾಡು ಹಿಡಿಯುತ್ತಾರೆ. ಹಿಂದೆ ಬರುವ ಗುಂಪು ಅದೇ ಜಾಡಿನಲ್ಲಿ ಸಾಗಿ ಹಿಮವನ್ನು ಒತ್ತಿ ಗಟ್ಟಿಮಾಡುತ್ತದೆ. ಮೇಲೆ ಕುದುರೆ ಎಳೆಯುವ ಜಾರುಬಂಡಿ ಓಡಿಸುತ್ತಾರೆ. ರಾತ್ರಿಯ ಚಳಿಗೆ ಒತ್ತಿದ ಹಿಮ ಹೆಪ್ಪುಗಟ್ಟಿ ಭಾರ ತಡೆಯುವ ರಸ್ತೆಯಾಗುತ್ತದೆ. ಸಾಧ್ಯವಿದ್ದಲ್ಲೆಲ್ಲ ಕೆರೆಗಳ ಮೇಲೇ ದಾರಿ, ಅಲ್ಲಿ ಮರ ಕಡಿಯಬೇಕಿಲ್ಲ, ಏರಿಳಿತವೂ ಇಲ್ಲ. ಈ ದಾರಿಯ ಬದಿಯಲ್ಲಿ ಒಲೆಯಿದ್ದ ಡೇರೆಗಳು, ಒಂದೊಂದರಲ್ಲಿ ಸುಮಾರು 20 ಜನ. ಅಲ್ಲಿಂದ ರಸ್ತೆಯವರೆಗಿನ ಕೊನೆಯ ಹಾದಿಯಲ್ಲಿ ಗುಂಡು, ಮಾರ್ಟರ್, ಗಾಯಾಳುಗಳನ್ನು ಸಾಗಿಸಲು ದೋಣಿಯಾಕಾರದ ಅಹ್ಕಿಯೊ ಜಾರುಬಂಡಿ. ಅದನ್ನು ಮನುಷ್ಯರೇ ಎಳೆಯುತ್ತಿದ್ದರು.

ಜನವರಿ 1–2ರ ರಾತ್ರಿ ಹೌಕಿಲಾ ಎಂಬ ಹೊಲಮನೆಯ ಹತ್ತಿರ ಕ್ಯಾಪ್ಟನ್ ಲಸ್ಸಿಲಾ ಅವರ ಬೆಟಾಲಿಯನ್ ಮಾಡಿದ ದಾಳಿ ಈ ವಿಧಾನದ ಮಾದರಿ. ಎರಡು ಕಂಪನಿಗಳು ಅಕ್ಕಪಕ್ಕದಲ್ಲಿ ರಸ್ತೆಗೆ ಇಳಿದವು, ಎರಡೂ ಬದಿಯಲ್ಲಿ ಭಾರಿ ಮಷೀನ್‌ಗನ್‌ಗಳ ಕಾವಲು. ಸುಮಾರು 500 ಮೀಟರ್ ರಸ್ತೆ ಕೈಸೇರಿತು. ಅಲ್ಲಿದ್ದದ್ದು ಫಿರಂಗಿ ದಳ. ಹತ್ತಿರದ ಕಾಡಿನಿಂದ ಎದ್ದು ಬಂದವರತ್ತ ತೋಪು ತಿರುಗಿಸಲು ಅವರಿಗೆ ಸಮಯವೇ ಸಿಗಲಿಲ್ಲ. ಕೂಡಲೇ ಸ್ಯಾಪರ್‌ಗಳು (ತಡೆ ಕಟ್ಟುವ, ಸ್ಫೋಟಕ ಇಡುವ ಸೈನಿಕರು) ಎರಡೂ ತುದಿಯಲ್ಲಿ ಮರ ಉರುಳಿಸಿ ಅಡ್ಡಗಟ್ಟಿದರು, ನೆಲಬಾಂಬು ಹುಗಿದರು. ಹಿಂದೆಯೇ ಎರಡು ಟ್ಯಾಂಕ್ ವಿರೋಧಿ ತೋಪುಗಳನ್ನು ಎಳೆದು ತಂದರು. ಬೆಳಗಾದ ಮೇಲೆ ಪ್ರತಿದಾಳಿಗೆ ಬಂದ ಟ್ಯಾಂಕುಗಳನ್ನು ಅವು ರಸ್ತೆಯ ಮೇಲೇ ಹೊಡೆದು ನಿಲ್ಲಿಸಿದವು. ಹೀಗೆ ನಿಂತ ಟ್ಯಾಂಕೇ ಮುಂದಿನದಕ್ಕೆ ತಡೆಗೋಡೆ.

ನಂತರದ ದಿನಗಳಲ್ಲಿ ಕಾವಲಿನವರನ್ನು ಸರದಿಯಂತೆ ಹಿಂದಿನ ಡೇರೆಗಳಿಗೆ ಕಳಿಸಿ ಬಿಸಿ ಊಟ, ನಿದ್ರೆ ಕೊಡುತ್ತಿದ್ದರು. ರಸ್ತೆಯ ಮೇಲಿದ್ದವರ ಸ್ಥಿತಿ ತದ್ವಿರುದ್ಧ. ಮೈನಸ್ 30ರಿಂದ 40 ಡಿಗ್ರಿಯಲ್ಲಿ ಎಂಜಿನ್ ಹೆಪ್ಪುಗಟ್ಟದಿರಲೆಂದು ಓಡಿಸುತ್ತಲೇ ಇಟ್ಟು ಇಂಧನ ಬರಿದಾಯಿತು. ಹಚ್ಚಿದ ಬೆಂಕಿ ರಾತ್ರಿ ಗುರಿಕಾರರಿಗೆ ದಾರಿ ತೋರಿತು. ಅಡುಗೆ ಬಂಡಿಗಳನ್ನು ಫಿನ್ನರು ಹುಡುಕಿ ಹುಡುಕಿ ಹಾಳುಮಾಡಿದರು: ಒಂದು ಬಂಡಿ ಹೋದರೆ ನೂರಾರು ಜನರಿಗೆ ಬಿಸಿ ಊಟ ಇಲ್ಲ, ಊಟವಿಲ್ಲದ ದೇಹ ಆ ಚಳಿಗೆ ಬೇಗ ಸೋಲುತ್ತದೆ. ವಿಮಾನಗಳಿಂದಲೂ ಹೆಚ್ಚು ನೆರವಾಗಲಿಲ್ಲ, ಆ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ಹಗಲು ಮೂರೂವರೆ ಗಂಟೆಯಷ್ಟೇ.

ಜನವರಿ 5ರ ಹೊತ್ತಿಗೆ ಮುಖ್ಯ ದಾಳಿ ಹಲವು ಕಡೆ ಒಟ್ಟಿಗೆ ನಡೆಯಿತು. ಪೂರ್ವದಲ್ಲಿ ಪುರಸ್ ಹೊಳೆಯ ಸೇತುವೆ ಸ್ಫೋಟಗೊಂಡಾಗ ವಾಹನಗಳು ಹಿಂದಿರುಗುವ ಹಾದಿಯೂ ಮುಗಿಯಿತು. ಡಿವಿಷನ್ ಕಮಾಂಡರ್ ವಿನೊಗ್ರಾದೊವ್ ಹಿಂದೆ ಸರಿಯಲು ಅನುಮತಿ ಕೇಳಿದ್ದ, ಮೇಲಿನ ತೀರ್ಮಾನ ತಡವಾಯಿತು. (ಆಗ 9ನೇ ಆರ್ಮಿಯ ಹೊಣೆ ಹೊತ್ತಿದ್ದವನು ಮುಂದೆ ಸ್ಟಾಲಿನ್‌ಗ್ರಾಡ್ ಕಾಪಾಡಿದ ಚುಯಿಕೊವ್.) ಜನವರಿ 6ರ ಸಂಜೆ ಸಿಕ್ಕ ದಾರಿಯಲ್ಲಿ ಪಾರಾಗಿ ಎಂಬ ಆದೇಶ ಹೊರಟಿತು. ಫಿನ್ನರ ಕೈಗೆ 43 ಟ್ಯಾಂಕು, ಸುಮಾರು 70 ಫಿರಂಗಿ, 1,170 ಕುದುರೆ ಸಿಕ್ಕವು. ಜನವರಿ 11ರಂದು ವಿನೊಗ್ರಾದೊವ್‌ನನ್ನು ಅವನ ಸೈನಿಕರ ಎದುರೇ ಗುಂಡಿಟ್ಟು ಕೊಂದರು.

ಎಲ್ಲಿ ನಡೆಯಲಿಲ್ಲ

ಈ ವಿಧಾನ ಎಲ್ಲೆಡೆ ಗೆಲ್ಲುತ್ತದೆಂದು ಬರೆದರೆ ತಪ್ಪು. ದಕ್ಷಿಣದ ಕರೇಲಿಯಾ ಭೂಸಂಧಿಯಲ್ಲಿ ರಸ್ತೆಗಳು ಹಲವು, ಮುಂಚೂಣಿ ಒಂದಕ್ಕೊಂದು ಕೂಡಿದ ಸಾಲು, ಪಕ್ಕದಿಂದ ನುಸುಳಲು ಜಾಗವಿಲ್ಲ. ಅಲ್ಲಿ ಸೋವಿಯತ್ ಫಿರಂಗಿ ಬಲ ಪೂರ್ತಿ ಬಳಕೆಗೆ ಬಂತು, 1940ರ ಫೆಬ್ರವರಿ 11ರಂದು ಸುಮ್ಮಾದಲ್ಲಿ ರಕ್ಷಣಾ ರೇಖೆ ಒಡೆಯಿತು.

ಇನ್ನೂ ಹೆಚ್ಚು ಕಲಿಸುವುದು ಸುವೊಮುಸ್ಸಲ್ಮಿಯ ದಕ್ಷಿಣಕ್ಕಿರುವ ಕುಹ್ಮೊದ ಕಾಳಗ. ರಾತೆ ಗೆಲುವಿನ ನಂತರ ಸೀಲಾಸ್ವುವೊ ಅದೇ ಪಡೆಗಳನ್ನು ಕರೆದುಕೊಂಡು ಸೋವಿಯತ್ 54ನೇ ಡಿವಿಷನ್ನಿನ ಮೇಲೆ ಹೋದರು, ಅದನ್ನೂ ತುಂಡುಗಳಾಗಿ ಕತ್ತರಿಸಿದರು. ಆದರೆ ಆ ಡಿವಿಷನ್ ಆಗಲೇ ನೆಲ ಅಗೆದು, ಮರದ ದಿಮ್ಮಿಗಳಿಂದ ಬಂಕರ್ ಕಟ್ಟಿ, ಟ್ಯಾಂಕುಗಳನ್ನು ಹುಗಿದು ಕೋಟೆಯಂತೆ ಕುಳಿತಿತ್ತು. ಊಟ, ಗುಂಡು ವಿಮಾನದಿಂದ ಬೀಳುತ್ತಿದ್ದವು. ಬಂಕರ್ ಒಡೆಯಲು ಭಾರಿ ಫಿರಂಗಿ ಬೇಕು, ಫಿನ್ನರಲ್ಲಿ ತೋಪೂ ಕಡಿಮೆ, ಗುಂಡೂ ಕಡಿಮೆ. ಕೆಲವು ತುಂಡುಗಳು ಬಿದ್ದವು, ಉಳಿದವು ಬೀಳಲಿಲ್ಲ. ಮಾರ್ಚ್ 13ರಂದು ಕದನ ನಿಂತಾಗಲೂ 54ನೇ ಡಿವಿಷನ್ ಅಲ್ಲೇ ಇತ್ತು. ಅದನ್ನು ಸುತ್ತುವರಿದ ಫಿನ್ನಿಷ್ ಬೆಟಾಲಿಯನ್‌ಗಳೂ ಅಲ್ಲೇ ಸಿಕ್ಕಿಕೊಂಡಿದ್ದವು, ದಕ್ಷಿಣದಲ್ಲಿ ವೀಪುರಿ ನಗರಕ್ಕಾಗಿ ಹೋರಾಡುತ್ತಿದ್ದವರಿಗೆ ಒಬ್ಬೊಬ್ಬ ಸೈನಿಕನೂ ಬೇಕಿದ್ದ ಆ ವಾರಗಳಲ್ಲಿ.