ಪದಕ ಎದೆಯ ಮೇಲೆ, ಮನುಷ್ಯ ಬೀದಿಯಲ್ಲಿ: ಆಟೊ ಡಿಕ್ಸ್ ಬರೆದ ಗಾಯಾಳು ಸೈನಿಕರು

1920ರ ಮೇ 12ರಂದು ಜರ್ಮನಿ ಮೊದಲ ಮಹಾಯುದ್ಧದ ಗಾಯಾಳುಗಳಿಗೆ ಪಿಂಚಣಿ ಕಾನೂನು ತಂದಿತು. ಜೂನ್ 30ಕ್ಕೆ ಬರ್ಲಿನ್‌ನಲ್ಲಿ ರೂಢಿಯ ಕಲೆಯನ್ನೂ ಯುದ್ಧವನ್ನೂ ಅಣಕಿಸುತ್ತಿದ್ದ ದಾದಾ ಪಂಥದ ಕಲಾವಿದರ ಮೊದಲ ಅಂತರರಾಷ್ಟ್ರೀಯ ಮೇಳ ಶುರುವಾಯಿತು. ಅಲ್ಲಿನ ಗೋಡೆಯೊಂದನ್ನು ಜರ್ಮನ್ ಚಿತ್ರಕಾರ ಆಟೊ ಡಿಕ್ಸ್ ಬರೆದ ಎರಡು ಮೀಟರ್ ಅಗಲದ ತೈಲಚಿತ್ರ ತುಂಬಿತ್ತು. ಸಮವಸ್ತ್ರದ ನಾಲ್ವರು ಮಾಜಿ ಸೈನಿಕರು ಸಾಲಾಗಿ ಹೊರಟಿದ್ದಾರೆ: ಮರಗಾಲು, ಊರುಗೋಲು, ಗಾಲಿಕುರ್ಚಿ, ಯಂತ್ರದಂಥ ದವಡೆ. ಒಬ್ಬನಿಗೆ ಮೈಯೆಲ್ಲ ನಡುಕ. ಅವರು ಹಾದುಹೋಗುತ್ತಿರುವುದು ಬೂಟಿನ ಅಂಗಡಿಯ ಮುಂದೆ!

ಡಿಕ್ಸ್‌ಗೆ ಇದು ಕೇಳಿ ತಿಳಿದ ಸಂಗತಿಯಲ್ಲ. ಮೆಷಿನ್‌ಗನ್ ದಳದಲ್ಲಿದ್ದು, ಫ್ರಾನ್ಸಿನ ಸೊಮ್ಮ್ ಕದನ ಕಂಡು, ಹಲವು ಸಲ ಗಾಯಗೊಂಡು ಬಂದವನು.

ಹಾಗಾದರೆ ಕಾನೂನನ್ನು ನಂಬಬೇಕೋ, ಚಿತ್ರವನ್ನೋ? ಎರಡನ್ನೂ. ಸುಮಾರು 15 ಲಕ್ಷ ಗಾಯಾಳುಗಳ ಹೊಣೆಯನ್ನು ಜರ್ಮನ್ ಸರ್ಕಾರ ನಿಜಕ್ಕೂ ಹೊತ್ತುಕೊಂಡಿತು. ಬ್ರಿಟನ್ ಹೆಚ್ಚಿನದನ್ನು ದಾನಿಗಳಿಗೆ ಬಿಟ್ಟಿತ್ತು. ಎಡವಟ್ಟಾದದ್ದು ಲೆಕ್ಕ ಹಾಕುವ ಬಗೆಯಲ್ಲಿ. ದುಡಿಮೆಯ ಶಕ್ತಿ ಶೇಕಡಾ ಎಷ್ಟು ಕುಗ್ಗಿದೆ ಎಂದು ವೈದ್ಯರು ಅಳೆಯಬೇಕು, ಪಿಂಚಣಿ ಅದರ ಪ್ರಕಾರ. ಕತ್ತರಿಸಿದ ಕಾಲು ಕಣ್ಣಿಗೆ ಕಾಣುತ್ತದೆ, ನಡುಕದ ಮೂಲ ಕಾಣುವುದಿಲ್ಲ. ಆ ನಡುಕವನ್ನು ಪಿಂಚಣಿಯ ಆಸೆಗೆ ಹುಟ್ಟಿದ ರೋಗವೆಂದು ಕರೆದ ವೈದ್ಯರಿಗೆ ಕೊರತೆಯಿರಲಿಲ್ಲ. 1923ರ ಹಣದುಬ್ಬರ ಪಿಂಚಣಿಯನ್ನು ಪುಡಿಗಾಸು ಮಾಡಿತು. ಅದೇ ವರ್ಷ, ಶೇಕಡಾ 25ಕ್ಕಿಂತ ಕಡಿಮೆ ಊನವಿದ್ದವರ ಕೈಗೆ ಒಮ್ಮೆಗೆ ಒಂದಿಷ್ಟು ಹಣವಿಟ್ಟು ಪಟ್ಟಿಯಿಂದ ತೆಗೆದರು. ಇತ್ತ ಜನರಿಗೋ, ಸರ್ಕಾರ ನೋಡಿಕೊಳ್ಳುತ್ತಿದೆಯಲ್ಲ ಎಂಬ ನೆಪ ಸಿಕ್ಕಿತ್ತು.

ಆ ನೆಪವನ್ನೇ ಡಿಕ್ಸ್ ಬರೆದದ್ದು ಎಂದು ನಮ್ಮ ಓದು. ಬೆಂಕಿಪೊಟ್ಟಣ ಮಾರುವವನ ಚಿತ್ರದಲ್ಲಿ (1920, ಈಗ ಸ್ಟುಟ್‌ಗಾರ್ಟ್‌ನಲ್ಲಿದೆ) ಕುರುಡ ಸೈನಿಕ ಕೈಕಾಲಿಲ್ಲದೆ ಪಾದಚಾರಿ ಹಾದಿಯಲ್ಲಿ ಕೂತಿದ್ದಾನೆ. ದಾಟಿಹೋಗುವ ಸಭ್ಯರ ಮುಖವೇ ಇಲ್ಲ; ಅವಸರದ ಕಾಲುಗಳಷ್ಟೇ. ಅವನ ಬಳಿ ನಿಂತದ್ದು ಒಂದು ಡಾಕ್ಸ್‌ಹುಂಡ್ ನಾಯಿ, ಅದೂ ಉಚ್ಚೆ ಹೊಯ್ಯಲು.

ಇಸ್ಪೀಟಾಡುವ ಮೂವರ ಚಿತ್ರ ಇನ್ನೂ ಕುತೂಹಲದ್ದು. ಒಬ್ಬ ಕಾಲ್ಬೆರಳಲ್ಲಿ ಎಲೆ ಹಿಡಿದಿದ್ದಾನೆ, ಇನ್ನೊಬ್ಬ ಹಲ್ಲಿನಲ್ಲಿ. ಮರಗಾಲು ಯಾವುದು, ಕುರ್ಚಿಯ ಕಾಲು ಯಾವುದು ಎಂದು ಹುಡುಕಬೇಕು. ಎಲೆಗಳು ನಿಜವಾದವು, ಅಂಟಿಸಿದವು. ಅವರ ಬೆನ್ನ ಹಿಂದೆ ಕಾಣುವ ಪತ್ರಿಕೆಗಳೂ ಅಷ್ಟೇ. ಲೋಹದ ಹಾಳೆಯ ದವಡೆಯ ಮೇಲೆ ಅದು ‘ಡಿಕ್ಸ್’ ಬ್ರಾಂಡಿನದೆಂದು ಜಾಹೀರಾತಿನ ಧಾಟಿಯಲ್ಲಿ ಬರೆದು, ಕಲಾವಿದ ತನ್ನ ಫೋಟೊವನ್ನೂ ಅಂಟಿಸಿದ್ದಾನೆ. ಆಗ ಕೃತಕ ಅಂಗ ದೊಡ್ಡ ಉದ್ಯಮ. ಕೊಕ್ಕೆ, ಉಂಗುರ, ಹಿಡಿಕೆ ಸಿಕ್ಕಿಸುವ ‘ಕೆಲಸದ ತೋಳು’ ಗಾಯಾಳುವನ್ನು ಮತ್ತೆ ಲೇತ್ ಮುಂದೆ ನಿಲ್ಲಿಸಲೆಂದೇ ತಯಾರಾದದ್ದು. ಆದರೆ ಮೊದಲ ತಿಂಗಳುಗಳಲ್ಲಿ ಕತ್ತರಿಸಿ ಉಳಿದ ಮೊಂಡು ಸೊರಗುತ್ತದೆ, ಅದು ಕೂರುವ ಕೃತಕ ಅಂಗದ ಬಟ್ಟಲು ಸಡಿಲವಾಗುತ್ತದೆ, ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮತ್ತೆ ಅಳತೆ ತೆಗೆಯದಿದ್ದರೆ ಅಂಗ ಮೂಲೆ ಸೇರುತ್ತದೆ.

ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಡಿಕ್ಸ್ ಡ್ರೆಸ್ಡೆನ್ ಅಕಾಡೆಮಿಯ ಹುದ್ದೆ ಕಳೆದುಕೊಂಡ. 1937ರಲ್ಲಿ ಮ್ಯೂನಿಕ್‌ನ ‘ಕೀಳು ಕಲೆ’ ಪ್ರದರ್ಶನದಲ್ಲಿ ನಾಲ್ವರು ಸೈನಿಕರ ಚಿತ್ರವನ್ನು ಸೇನೆಗೆ ಬಗೆದ ದ್ರೋಹವೆಂದು ತೂಗುಹಾಕಿದರು. ವಿಚಿತ್ರವೆಂದರೆ, ಬೀದಿಯಲ್ಲಿ ಗಾಯಾಳುವಿನತ್ತ ನೋಡದವರಿಗೆ ಗೋಡೆಯ ಮೇಲಿನವನು ಅವಮಾನವೆನಿಸಿದ. ಆಮೇಲೆ ಆ ಚಿತ್ರ ಉಳಿಯಲಿಲ್ಲ.

ಉಳಿದದ್ದು ಕಪ್ಪುಬಿಳುಪು ಫೋಟೊಗಳು, ಜೊತೆಗೆ ಅದೇ ದೃಶ್ಯವನ್ನು 1920ರಲ್ಲೇ ಡಿಕ್ಸ್ ಮಾಡಿದ ಡ್ರೈಪಾಯಿಂಟ್ ಮುದ್ರಣ. ಈ ವಿಧಾನದಲ್ಲಿ ಆಸಿಡ್ ಬೇಡ: ಲೋಹದ ತಗಡನ್ನು ಚೂಪು ಸೂಜಿಯಿಂದ ನೇರ ಗೀರುತ್ತಾರೆ. ಗೀರಿನ ಅಂಚಿನಲ್ಲಿ ಎದ್ದ ಲೋಹದ ಸಿಬಿರು ಶಾಯಿ ಹಿಡಿದು ಗೆರೆಗೆ ಮಖಮಲಿನ ಅಂಚು ಕೊಡುತ್ತದೆ. ಪ್ರೆಸ್ಸಿನ ಒತ್ತಡಕ್ಕೆ ಸಿಬಿರು ಬೇಗ ಮಟ್ಟಸವಾಗುವುದರಿಂದ ಒಳ್ಳೆಯ ಪ್ರತಿಗಳು ಕೆಲವೇ. ಅವುಗಳಲ್ಲೊಂದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.