ಪಿಲ್ಲರ್ ಗಟ್ಟಿಯಿದೆ, ಗೋಡೆ ಯಾಕೆ ಸೀಳಿತು?

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ. ಐದಾರು ವರ್ಷದ ಮನೆ. ಪಿಲ್ಲರ್ ನೆಟ್ಟಗೆ ನಿಂತಿದೆ. ಆದರೆ ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಸೀಳು ಬಿಟ್ಟಿದೆ. ಸಿಮೆಂಟ್ ಸರಿಯಿರಲಿಲ್ಲ ಅಂತ ಒಬ್ಬರು, ಗೌಂಡಿ ನೀರು ಹೊಡೆಯಲಿಲ್ಲ ಅಂತ ಇನ್ನೊಬ್ಬರು, ಕಬ್ಬಿಣ ಕಡಿಮೆಯಾಯ್ತು ಅಂತ ಮತ್ತೊಬ್ಬರು. ಕಟ್ಟಡ ಕೆಲಸ ಕಲಿಯುವ ಹುಡುಗರು ಯಾರನ್ನು ನಂಬಬೇಕು?

ಮನೆ ಯಾವುದೇ ಇರಲಿ, ಮೇಲಿನ ಭಾರವನ್ನು ನೆಲಕ್ಕೆ ಮುಟ್ಟಿಸಬೇಕು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿದವರಿಗೂ ಇದೇ ಲೆಕ್ಕ. ಕಲ್ಲು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ತೊಲೆ ಬಾಗಿದಾಗ ಅದರ ಮೇಲ್ಭಾಗಕ್ಕೆ ಒತ್ತಡ, ಕೆಳಭಾಗಕ್ಕೆ ಎಳೆತ. ಅದಕ್ಕೇ ಅಲ್ಲಿ ಕಂಬಗಳು ಅಷ್ಟು ಹತ್ತಿರ. ಕಾಂಕ್ರೀಟಿನ ಸ್ವಭಾವವೂ ಕಲ್ಲಿನದೇ. ಎಳೆತ ಬರುವ ಕಡೆ ಕಬ್ಬಿಣ ಇಟ್ಟರು, ಕಂಬಗಳು ದೂರ ಸರಿದವು. ಎಂಟುನೂರು ವರ್ಷದ ಕಥೆ ಇಷ್ಟೇ. (ಗೋಡೆಯಿಂದ ಹೊರಗೆ ಚಾಚಿರುವ ಸಜ್ಜಾ ಮಾತ್ರ ಉಲ್ಟಾ. ಅಲ್ಲಿ ಎಳೆತ ಮೇಲ್ಭಾಗಕ್ಕೆ. ಸರಳನ್ನು ಕೆಳಗೆ ಕಟ್ಟಿದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಗೊತ್ತಾಗುತ್ತದೆ.)

ನಡುವೆ ನಮ್ಮ ಅಜ್ಜಂದಿರ ಜಂತಿ ಮನೆಗಳಿದ್ದವು. ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣು. ಮಾಳಿಗೆ ಮೇಲೆ ಒಂದಡಿ ಮಣ್ಣಿದ್ದರೆ ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ನಾಲ್ಕೂವರೆ ಟನ್ ಕೂತಂತೆ. ಅದೇ ಕೋಣೆಗೆ ಐದಿಂಚಿನ ಸ್ಲ್ಯಾಬ್ ಹಾಕಿದರೆ ಸುಮಾರು 3 ಟನ್. ಹಳೆ ಮನೆಯೇ ಭಾರ! ಆದರೆ ಭಾರ ಉದ್ದಕ್ಕೂ ಗೋಡೆಯ ಮೇಲೆ ಹರಡಿ ಇಳಿಯುತ್ತಿತ್ತು. ಮಣ್ಣಿನ ಗಾರೆ ಸ್ವಲ್ಪ ಅಲುಗಿದರೂ ತಾಳಿಕೊಳ್ಳುತ್ತಿತ್ತು. ಸೀಳು ಬಿಟ್ಟರೆ ಸಾರಿಸಿ ಮುಚ್ಚುತ್ತಿದ್ದರು.

1953ರಲ್ಲಿ ಎರಡು ಸಂಗತಿ ನಡೆದವು. ಕಾಂಕ್ರೀಟ್ ಕೆಲಸಕ್ಕೆ ಐಎಸ್ 456 ಎಂಬ ಭಾರತೀಯ ಮಾನಕ ಬಂತು. ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಇಳಿಯಿತು. ಅಣೆಕಟ್ಟು ಬಹುಪಾಲು ಕಲ್ಲು ಮತ್ತು ಸುರ್ಕಿ (ಇಟ್ಟಿಗೆ ಪುಡಿ ಬೆರೆಸಿದ) ಗಾರೆಯದು ಅನ್ನುವುದು ಬೇರೆ ಮಾತು. ಮಾನಕವನ್ನು ಎಲ್ಲರೂ ಓದಿದರು. ಕಾಲುವೆ ಮನೆಯ ಪಾಯಕ್ಕೆ ಏನು ಮಾಡಿತು ಅಂತ ಅಷ್ಟಾಗಿ ಯಾರೂ ಕೇಳಲಿಲ್ಲ.

ಈ ಕಡೆಯ ಎರೆ (ಕಪ್ಪು) ಮಣ್ಣಿನ ಜೇಡಿ ಹಾಳೆ ಹಾಳೆಯಾಗಿ ಇರುತ್ತದೆ. ನೀರು ಆ ಹಾಳೆಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿ ಬಿಡುವ ಹೊಲ ನೋಡಿದ್ದೀರಿ, ಅಲ್ವಾ? ಕಾಲುವೆ ಬಂದ ಮೇಲೆ ಸುತ್ತಲಿನ ಭತ್ತದ ಗದ್ದೆ ತಿಂಗಳುಗಟ್ಟಲೆ ನೆನೆಯಿತು, ಕಾಲುವೆಗೆ ನೀರು ಬರುವುದು ನಿಂತಾಗ ಒಣಗಿತು. ಊರು ಬೆಳೆದು ಅದೇ ಗದ್ದೆಗಳು ಸೈಟುಗಳಾದವು. ಮನೆಯ ನಡುವಿನ ನೆಲದ ತೇವ ಹೆಚ್ಚು ಬದಲಾಗುವುದಿಲ್ಲ. ಅಂಚಿನ ನೆಲ ಮಾತ್ರ ಏಳುತ್ತದೆ, ಇಳಿಯುತ್ತದೆ. ಮೂಲೆಯ ಪಿಲ್ಲರ್ ಅದರ ಜೊತೆ ಹೋಗುತ್ತದೆ. ನಡುವೆ ತುಂಬಿದ ತೆಳು ಇಟ್ಟಿಗೆ ಗೋಡೆಗೆ ಹಾಗೆ ಬಾಗಲು ಬರುವುದಿಲ್ಲ, ಓರೆಯಾಗಿ ಸೀಳುತ್ತದೆ. ಒಂದೇ ಮಹಡಿಯ ಹಗುರ ಮನೆಗೆ ಈ ಕಾಟ ಜಾಸ್ತಿ. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿಲ್ಲ.

2009ರ ಅಕ್ಟೋಬರ್ ಮಳೆಗೆ ಈ ಭಾಗದ ಮಣ್ಣಿನ ಮನೆಗಳು ಕುಸಿದ ಮೇಲೆ, ಪಿಲ್ಲರ್ ಮನೆಯೇ ಭದ್ರ ಎಂಬ ಮಾತಿಗೆ ಎದುರೇ ಇಲ್ಲವಾಯಿತು. ಮಸಾರಿ (ಕೆಂಪು) ನೆಲಕ್ಕೂ ಎರೆಗೂ ಒಂದೇ ಅಳತೆಯ ಪಾಯದ ಗುಂಡಿ.

ಮದ್ದು ಹೊಸದಲ್ಲ. ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲನ್ನು (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲೇ ರೂಪಿಸಿತ್ತು. ಗಡ್ಡೆಯ ಅಗಲ ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು. ಮಣ್ಣು ಅಲುಗುವ ಪದರ ದಾಟಿ ಮೂರೂವರೆ ಮೀಟರಿನಷ್ಟು ಕೆಳಗೆ ಅದು ಕೂರುತ್ತದೆ. ಪೈಲುಗಳ ಮೇಲೆ ಕೂರುವ ಬೀಮಿನ ಕೆಳಗೆ ಮೂರಿಂಚು ಖಾಲಿ ಬಿಡುತ್ತಾರೆ, ಮಣ್ಣು ಉಬ್ಬಲಿ ಅಂತ. ಅಷ್ಟು ಖರ್ಚು ಬೇಡವೆಂದರೆ ಎರೆ ತೆಗೆದು ಗರಸು ತುಂಬಿ ಕುಟ್ಟುವುದು, ಬಚ್ಚಲ ನೀರನ್ನು ಗೋಡೆಯಿಂದ ದೂರ ಹರಿಸುವುದು. ನಮ್ಮ ಮನೆಯಲ್ಲಿ ಬಚ್ಚಲ ಹಿಂದೆಯೇ ಬಾಳೆಗಿಡ ಇತ್ತು. ಆ ಮೂಲೆಗೆ ಮೂರು ಸಲ ಸಿಮೆಂಟ್ ತುಂಬಿಸಿದ್ದೇವೆ.

ಈಗಲೂ ಹೆಚ್ಚಿನ ನಕ್ಷೆಗಳಲ್ಲಿ ಪಿಲ್ಲರ್ ಎಲ್ಲೆಲ್ಲಿ ಅನ್ನುವುದು ಮೊದಲು ಗುರುತಾಗುತ್ತದೆ. ಕೆಳಗಿನ ಮಣ್ಣು ಕಣ್ಣಿಗೆ ಬೀಳುವುದು ಪೂಜೆ ಮಾಡಿ ಪಾಯ ತೋಡಿದ ದಿನ. ಅಷ್ಟರಲ್ಲಿ ಕಬ್ಬಿಣದ ಲಾರಿ ಬಂದು ನಿಂತಿರುತ್ತದೆ.